ಹಲಗೆಯ ಮೇಲೆ ಕೂತವನು

ಆಸ್ಪತ್ರೆ, ಮೂರನೇ ಮಹಡಿ
ಹನ್ನೊಂದನೇ ತಾರೀಖು, ಮಂಗಳವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಬೆನ್ನು ನೋವು ಕಡಿಮೆಯಾಯಿತೇ? ಆರು ವರ್ಷದಲ್ಲಿ ನೀನು ಹಾಕಿದ ಎರಡೇ ಎರಡು ಕಾಗದಗಳಲ್ಲೂ ಅದೇ ಗೋಳಿತ್ತು. ನಾನು ಚೆನ್ನಾಗಿದ್ದೇನೆ. ಅಪ್ಪ ಚೆನ್ನಾಗಿಲ್ಲ. ಕ್ಯಾನ್ಸರ್ ಮೂಳೆಗೆ ಇಳಿದಿದೆ. ಮಗ್ಗುಲು ಬದಲಿಸಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಊರಿಗೆಲ್ಲ ಕ್ಷೌರ ಮಾಡಿದ ಕೈಗೆ ಈಗ ಚಮಚ ಹಿಡಿಯಲೂ ಆಗುವುದಿಲ್ಲ.

ನೋವಿಗೆ ಇಂಜೆಕ್ಷನ್ನಿನ ಜೊತೆಗೆ ಸಮ್ಮೋಹನ ಚಿಕಿತ್ಸೆಯನ್ನೂ ಮಾಡೋಣ ಎಂದರು ಇಲ್ಲಿನ ಡಾಕ್ಟರು. ಯಾರೋ ಜಾದೂಗಾರ ಬರುತ್ತಾನೆ ಅಂದುಕೊಂಡರೆ, ತಲೆಯ ಮೇಲಿದ್ದ ಕನ್ನಡಕವನ್ನೇ ಹುಡುಕುತ್ತಾ ಒಬ್ಬರು ಡಾಕ್ಟರಮ್ಮ ಬಂದರು. ಅಪ್ಪನಿಗೆ ಕಣ್ಣು ಮುಚ್ಚಿಸಿ, ಉಸಿರು ನಿಧಾನ ಮಾಡಿಸಿ, ನಿಮಗೆ ಹಾಯೆನಿಸುವ ಜಾಗಕ್ಕೆ ಹೋಗಿ ಎಂದರು. ಅಪ್ಪ ಹೋದದ್ದು ಅಂಗಡಿಗೆ. ನೀನು ಚಿಕ್ಕವನಿದ್ದಾಗ ಕೂದಲು ಕತ್ತರಿಸಲು ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು ಕೂರಿಸುತ್ತಿದ್ದರಲ್ಲ, ಅದೂ ಅಲ್ಲೇ ಇತ್ತಂತೆ. ನರ್ಸುಗಳು ಹಾಸಿಗೆ ಬದಲಿಸಿದರೂ ಅಪ್ಪ ಹಾ ಎನ್ನಲಿಲ್ಲ. ಎಚ್ಚರವಾದ ಮೇಲೆ ಮಾತ್ರ, "ಹಲಗೆ ಖಾಲಿ ಇತ್ತು ಕಣಮ್ಮ" ಎಂದು ಅತ್ತುಬಿಟ್ಟರು.

ತಾವಿಲ್ಲದ ದಿನ ಅಪ್ಪನಿಗೆ ಓದಿ ಹೇಳಲೆಂದು ಡಾಕ್ಟರಮ್ಮ ತಮ್ಮ ಸಮ್ಮೋಹನದ ಮಾತುಗಳನ್ನು ನನಗೆ ಬರೆದುಕೊಟ್ಟರು. ಒಂದು ಪದವೂ ಹೆಚ್ಚು ಸೇರಿಸಬೇಡ ಎಂದು ನೂರು ಸಲ ಹೇಳಿದ್ದರು. ಶುಕ್ರವಾರ ನಾನು ಓದಿದೆ. ಅಪ್ಪನ ಮುಖ ನೋಡಲಾಗಲಿಲ್ಲ, ನಾಲಿಗೆ ಕೇಳಲಿಲ್ಲ. "ಅಪ್ಪಾ, ತಮ್ಮ ಬಂದಿದ್ದಾನೆ, ಹಲಗೆ ಮೇಲೆ ಕೂತಿದ್ದಾನೆ" ಎಂದುಬಿಟ್ಟೆ. ಹೊದಿಕೆಯ ಮೇಲೆ ಅಪ್ಪನ ಎರಡು ಬೆರಳು ಕತ್ತರಿಯಾಡಿಸತೊಡಗಿದವು. "ತಲೆ ಅಲ್ಲಾಡಿಸಬೇಡ್ವೋ" ಎಂದು ಗದರಿದರು ಬೇರೆ. ಎಚ್ಚರವಾದಾಗ ನರ್ಸಿಗೆ ಹೇಳಿದರು, "ಮಗ ಬಂದಿದ್ದ. ಆರು ವರ್ಷದ ಹಿಂದೆ ನಾನು ಬಾಗಿಲು ತುಳೀಬೇಡ ಅಂದಿದ್ನಲ್ಲ, ಅದನ್ನ ಮನಸ್ಸಲ್ಲಿ ಇಟ್ಕೊಂಡಿಲ್ಲ ಅವನು." ಅಂದಿನಿಂದ ನೀನು ಯಾವಾಗ ಬರುತ್ತೀಯೆಂದು ಕೇಳುವುದನ್ನೇ ಬಿಟ್ಟಿದ್ದಾರೆ. ಡಾಕ್ಟರಮ್ಮ ಚೆನ್ನಾಗಿ ಬೈದರು, ನೋವು ತಗ್ಗಿಸೋಕೆ ಹೇಳಿಕೊಟ್ಟರೆ ಸುಳ್ಳು ಹೇಳ್ತೀಯಲ್ಲಮ್ಮ ಅಂತ. ನಿಜ ಹೇಳೋಣವೆಂದು ಎರಡು ಸಲ ಹೋದೆ, ಅಪ್ಪ ನಗುತ್ತಿದ್ದರು, ಹಾಗೇ ವಾಪಸು ಬಂದೆ.

ಅಪ್ಪ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಇದು ನಾನು ಸೇರಿಸಿದ ಮಾತಲ್ಲ, ಅವರೇ ಹೇಳಿದ್ದು.

ನಿನ್ನ
ಅಕ್ಕ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ. ಹೆಚ್ಚೆಂದರೆ ಇನ್ನೊಂದು ವಾರ ಅಂದಿದ್ದಾರೆ ಡಾಕ್ಟರು. ಅಪ್ಪನ ಪಾಲಿಗೆ ನೀನು ಬಂದು ಹೋಗಿದ್ದೀಯ. ನನ್ನ ಪಾಲಿಗೆ ಇನ್ನೂ ಬಂದಿಲ್ಲ. ನನ್ನೊಬ್ಬಳ ಕೈಲಿ ಆಗುತ್ತಿಲ್ಲ, ಬಾರೋ.