ಬಚ್ಚುತ್ತದೆ ಎಂದಿರಿ, ಅಪ್ಪಾ

ಅಪ್ಪಾ, ನಿಮ್ಮ ಮಗ ಬರೆಯುತ್ತಿದ್ದೇನೆ. ಓದಲು ಕನ್ನಡಕ ಹುಡುಕಬೇಡಿ, ಅದು ನನ್ನ ಮೂಗಿನ ಮೇಲೆ ಉಂಟು.

ಪುತ್ತೂರಿನ ಆ ಡಾಕ್ಟರರ ಎದುರು ನೀವು ಹೊಸ ಅಂಗಿ ಹಾಕಿ ಕೂತದ್ದು ನೆನಪಾಗುತ್ತದೆ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಘಟ್ಟದ ಮೇಲಿನಿಂದ ಬಂದವರು, ತುಳು ಒಂದಕ್ಷರ ಬಾರದವರು. ಮೂತ್ರ ಕುದಿಸಿದ ಗಾಜಿನ ನಳಿಗೆಯಲ್ಲಿ ಮದ್ದಿನ ನೀಲಿ ಹೋಗಿ ಇಟ್ಟಿಗೆಯ ಬಣ್ಣ ಬಂದಿತ್ತು. ಸಕ್ಕರೆ ಕಾಯಿಲೆ ಎಂದರು. ಎದೆನೋವು ಇದ್ದರೆ ಮಂಗಳೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಬೇಕು, ಇದೆಯೇ ಎಂದು ಕೇಳಿದರು. ನೀವು ದರ್ಜಿಯಲ್ಲವೇ, ತುಳುವಿನ 'ಬಚ್ಚುಂಡು' ಎಂಬ ಮಾತಿಗೆ ಅಲ್ಲೇ ಒಂದು ಕನ್ನಡದ ಅಂಗಿ ಹೊಲಿದಿರಿ.

"ನೋವು ಇಲ್ಲ ಡಾಕ್ಟ್ರೆ. ಬಚ್ಚುದು ಮಾತ್ರ. ಮಿಷನ್ ತುಳಿಯುವಾಗ ಭಾರೀ ಬಚ್ಚುದು."

ಸುಸ್ತಾಗುತ್ತದೆ ಎಂದು ನಿಮ್ಮ ಅರ್ಥ. ಅವರಿಗೆ ಕೇಳಿಸಿದ್ದು ಬಚ್ಚಲು. ಪದೇ ಪದೇ ಬಚ್ಚಲಿಗೆ ಹೋಗುವುದು ಈ ಕಾಯಿಲೆಯಲ್ಲಿ ಇದ್ದದ್ದೇ, ಹೆದರಬೇಡಿ ಯಜಮಾನ್ರೇ ಎಂದು ಬೆನ್ನು ತಟ್ಟಿ ಕಳಿಸಿದರು. ಎಕ್ಸ್‌ರೇಯ ಮಾತು ಅಲ್ಲಿಗೇ ನಿಂತಿತು.

ದರ್ಬೆಯ ನಮ್ಮ ಅಂಗಡಿಯ ತನಕ ನಾವಿಬ್ಬರೂ ನಕ್ಕದ್ದೇ ನಕ್ಕದ್ದು. ಪಕ್ಕದ ಜವಳಿ ಅಂಗಡಿಯ ಮೋನು ಬ್ಯಾರಿಗಳಿಗೆ ನೀವು ಆ ಕತೆಯನ್ನು ಅಭಿನಯಿಸಿಯೇ ತೋರಿಸಿದಿರಿ. ಆಮೇಲೆ ನೀವು ಮಿಷನ್ನಿನಿಂದ ಎದ್ದರೆ ಸಾಕು, ಬಚ್ಚಲಿಗಾ ಎಂದು ಅವರು ಕೂಗಿ ಕೇಳುತ್ತಿದ್ದರು. ಎಷ್ಟು ನಕ್ಕೆವು, ಅಪ್ಪಾ. ನಿಮ್ಮ ಹೃದಯ ತನ್ನ ಕಷ್ಟ ಹೇಳಿಕೊಳ್ಳಲು ಬಳಸಿದ ಒಂದೇ ಒಂದು ಮಾತು ಅದಾಗಿತ್ತು.

ಆ ಕೊನೆಯ ಮಧ್ಯಾಹ್ನ ಒಂದು ಮದುವೆಯ ಕೋಟಿಗೆ ಕಾಲರು ಕೂರಿಸುತ್ತಿದ್ದಿರಿ. ಬೆನ್ನೆಲ್ಲ ಬೆವರಿನಿಂದ ಒದ್ದೆ. ಚಕ್ರ ನಿಲ್ಲಿಸಿ, ಬಚ್ಚುಂಡು, ಸ್ವಲ್ಪ ಮಲಗುತ್ತೇನೆ ಎಂದು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಒರಗಿದಿರಿ. ನಾನು ಗುಂಡಿ ಹೊಲಿಯುತ್ತಿದ್ದೆ. ಗುಂಡಿ ಮುಗಿಸಿ ಚಾ ತರಲಾ ಎಂದು ಕೇಳಿದಾಗ...

ಹೆಣದ ಎದುರೇ ಯಾರೋ ಹೇಳಿದ ಮಾತು ಅಮ್ಮನಿಗೆ ನಾಟಿತು: ಹೃದಯ ನಿಲ್ಲುವಷ್ಟು ನೋವನ್ನು ಮನುಷ್ಯ ಹೇಗೆ ನುಂಗಿಕೊಂಡ ನೋಡಿ ಎಂದು. ಅಂದಿನಿಂದ ಅಮ್ಮನಿಗೆ ನಿಮ್ಮ ಮೇಲೆ ಸಿಟ್ಟು. ಇಷ್ಟು ವರ್ಷ ಒಟ್ಟಿಗೆ ಬದುಕಿ ನನ್ನ ಹತ್ತಿರ ಅಡಗಿಸಿದರು ಎಂಬುದೊಂದೇ ಕೊರಗು. ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ನಿಮ್ಮ ಎಲೆಗೆ ಎಲ್ಲ ಬಡಿಸುತ್ತಾರೆ, ಉಣ್ಣಿ ಎಂದು ಮಾತ್ರ ಕರೆಯುವುದಿಲ್ಲ. ಕರೆಯದೆ ನೀವು ಬಂದಿರೋ ಇಲ್ಲವೋ, ನನಗೆ ತಿಳಿಯದು. ಅಂಗಡಿಗಂತೂ ಬರುತ್ತೀರಿ. ನಿಮ್ಮ ಮಿಷನ್ನಿನಲ್ಲಿ ಈಗ ಕೂರುವವನು ನಾನು. ಊಟದ ಹೊತ್ತಿಗೆ ಕಾಲು ತಾನಾಗಿ ನಿಲ್ಲುತ್ತದೆ, ಹಿಂದಿನಿಂದ ಯಾರೋ ಚಕ್ರ ಹಿಡಿದ ಹಾಗೆ. ತಿರುಗಿ ನೋಡಲು ಹೆದರಿಕೆ.

ಹೋದ ತಿಂಗಳು ನನ್ನ ನಳಿಗೆಯೂ ಇಟ್ಟಿಗೆ ಬಣ್ಣಕ್ಕೆ ಬಂತು. ಈಗಿರುವವರು ಸುಳ್ಯದ ಕಡೆಯ ಹೆಂಗಸು ಡಾಕ್ಟರು. ನೋವಿನ ಸುದ್ದಿ ಎತ್ತಲೇ ಇಲ್ಲ ಅಪ್ಪಾ, ಬಚ್ಚುಂಡಾ ಎಂದು ಕೇಳಿದರು. ಹೌದು ಎಂದೆ. ಮಂಗಳೂರಿಗೆ ಕಳಿಸಿ ಎಕ್ಸ್‌ರೇ ತೆಗೆಸಿದರು, ಕೈಕಾಲಿಗೆ ತಂತಿ ಕಟ್ಟಿ ಹೃದಯದ ಬಡಿತವನ್ನು ಕಾಗದದ ಪಟ್ಟಿಯ ಮೇಲೆ ಗೀರಿಸಿದರು. ಎಕ್ಸ್‌ರೇಯ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನೋಡಿದೆ. ಪಕ್ಕೆಲುಬುಗಳ ನಡುವೆ ಹೃದಯದ ಬಿಳಿಯ ನೆರಳು, ಇರಬೇಕಾದ ಅಳತೆಗಿಂತ ದೊಡ್ಡದು. ಅದು ನಿಮ್ಮದೇ ಎದೆ ಎನಿಸಿತು. ಪಟ್ಟಿಯ ಗೆರೆಯಲ್ಲಿ ಹೃದಯಕ್ಕೆ ಹಿಂದೊಮ್ಮೆ ಬಿದ್ದ ಪೆಟ್ಟಿನ ಗುರುತೂ ಇತ್ತು. ನನಗೆ ಒಂದು ದಿನವೂ ಎದೆ ನೋಯಲಿಲ್ಲವಲ್ಲ ಎಂದೆ.

"ಸಕ್ಕರೆ ಇದ್ದವರಿಗೆ ಕೆಲವೊಮ್ಮೆ ಹಾಗೆಯೇ. ಪೆಟ್ಟು ಬಿದ್ದದ್ದು ನೋವಾಗಿ ಗೊತ್ತಾಗುದಿಲ್ಲ. ಬೆವರುದು, ಬಚ್ಚುದು, ಅಷ್ಟೇ."

ಯಾವ ದಿನ ಬಿದ್ದಿತ್ತು ಆ ಪೆಟ್ಟು? ನಾನು ಯಾರ ಅಂಗಿಯ ಅಳತೆ ತೆಗೆಯುತ್ತಿದ್ದೆ? ನಿಮಗೆ ಮೊದಲನೆಯದು ಬಿದ್ದ ದಿನ ನಾವು ನಗುತ್ತಿದ್ದೆವೋ ಏನೋ...

ನಿನ್ನೆ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅಪ್ಪ ಅಡಗಿಸಿದ್ದಲ್ಲ, ಅಡಗಿಸಲು ಅವರಿಗೆ ನೋವೇ ಇರಲಿಲ್ಲ ಎಂದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನೀವು ಹೋದ ದಿನವೂ ಅವರು ಹಾಗೆ ಅತ್ತಿರಲಿಲ್ಲ. ನಿಮ್ಮ ಮೇಲಿದ್ದ ಸಿಟ್ಟು ಹೋಯಿತು ಅಪ್ಪಾ, ಈ ಸುದ್ದಿ ತಿಳಿಸಲೆಂದೇ ಕೂತದ್ದು ನಾನು. ಆದರೆ ಕಣ್ಣೊರೆಸಿಕೊಂಡ ಮೇಲೆ ಅವರು ನನ್ನ ಎದೆಯ ಮೇಲೆ ಕೈಯಿಟ್ಟು ಕೇಳಿದರು.

"ಮಗಾ, ನಿನಗೆ ನೋವು ಉಂಟಾ?"

ಇಲ್ಲ ಎಂದೆ. ಅಮ್ಮ ಕೈ ತೆಗೆಯಲಿಲ್ಲ.