ಹುಟ್ಟುಹಬ್ಬವೇ ಬಾರದ ಆರೋಪಿ

ಕ್ರಿಮಿನಲ್ ಬ್ಯಾರಿಸ್ಟರುಗಳ ಛೇಂಬರ್ಸ್ ಒಂದರ ತರಬೇತಿ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ನಿಮ್ಮ ಪ್ರಶ್ನೆಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದಿದ ತಪ್ಪಿಗಾಗಿ ಮಾರ್ನಿ ಓಲ್ಡ್‌ರಾಯ್ಡ್ ಎಂಬ ಅಭ್ಯರ್ಥಿಯನ್ನು ನೀವು ಕಳೆದ ತಿಂಗಳು ತಿರಸ್ಕರಿಸಿದ್ದೀರಿ. ಬ್ಯಾರಿಸ್ಟರ್ ಪರೀಕ್ಷೆ ಪಾಸಾದವರಿಗೆ ಐದು ವರ್ಷದ ಗಡುವು ಇದೆ. ಅಷ್ಟರೊಳಗೆ ಯಾವುದಾದರೊಂದು ಛೇಂಬರ್ಸ್‌ನಲ್ಲಿ ತರಬೇತಿಗೆ ಸೇರದಿದ್ದರೆ ಪಾಸಾದದ್ದು ಬರಿಯ ಕಾಗದವಾಗುತ್ತದೆ. ಅವಳ ಐದನೆಯ ವರ್ಷ ಸೆಪ್ಟೆಂಬರ್ ಮೂವತ್ತಕ್ಕೆ ಮುಗಿಯುತ್ತದೆ. ಉಳಿದ ಹನ್ನೊಂದು ಕಡೆ ಇಲ್ಲವೆಂದಾಗಿದೆ. ಕೊನೆಯ ಬಾಗಿಲು ನಿಮ್ಮದಾಗಿತ್ತು.

ಮಾರ್ನಿಯನ್ನು ನಾನು ಬಲ್ಲೆ. ಯಾರ್ಕ್‌ಷೈರ್‌ನ ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ನಾವಿಬ್ಬರೂ ಅಷರುಗಳು. ಕಪ್ಪು ಗೌನು ತೊಟ್ಟು, ದಿನದ ಕೇಸುಗಳ ಪಟ್ಟಿ ಹಿಡಿದು, ಆರೋಪಿಗಳ ಹೆಸರು ಕೂಗುವವರು. ಹಗಲು ಹೆಸರು ಕೂಗಿ, ಸಂಜೆ ಕಾನೂನು ಓದಿ, ಬ್ಯಾರಿಸ್ಟರ್ ಆಗುವವರು ಲಂಡನ್ನಿನ ಹಳೆಯ ಸಭಾಂಗಣದಲ್ಲಿ ಗೌನು ತೊಟ್ಟು ಊಟ ಮಾಡಬೇಕೆಂಬ ಪದ್ಧತಿಗೂ ತಲೆಬಾಗಿ ರೈಲು ಹತ್ತಿ ಹೋಗಿ ಉಂಡು ಬಂದವಳು ಅವಳು. ಕುರಿಮಾಂಸವನ್ನು ಯಾವ ಮುಳ್ಳುಚಮಚದಲ್ಲಿ ತಿನ್ನಬೇಕೆಂದು ತಿಳಿಯದವರ ಕೈಗೆ ಕಳ್ಳನೊಬ್ಬನ ಭವಿಷ್ಯವನ್ನು ಹೇಗೆ ತಾನೇ ಒಪ್ಪಿಸಲಾದೀತು? ಅದರಲ್ಲೂ ಅವಳು ಪಾಸಾದಳು.

ಇನ್ನು ನಿಮ್ಮ ಸಂದರ್ಶನ. ಮೊದಲ ಮೂರು ನಿಮಿಷ, ಛತ್ರಿಗಳನ್ನು ದೇಶದಾದ್ಯಂತ ನಿಷೇಧಿಸಬೇಕೆಂದು ವಾದಿಸುವುದು. ಅದರಲ್ಲಿ ಅವಳಿಗೆ ಹತ್ತಕ್ಕೆ ಎಂಟು ಕೊಟ್ಟಿದ್ದೀರಿ. ಕ್ರಿಮಿನಲ್ ಕೋರ್ಟುಗಳಲ್ಲಿ ಛತ್ರಿಗಳ ಹಾವಳಿ ಎಷ್ಟಿದೆಯೆಂದು ನನಗೆ ತಿಳಿಯದು. ಇಪ್ಪತ್ತಾರು ವರ್ಷಗಳಲ್ಲಿ ನಾನಂತೂ ಒಂದು ಛತ್ರಿಯ ಹೆಸರನ್ನೂ ಕೂಗಿಲ್ಲ. ಎರಡನೆಯದು ಕಾಲ್ಪನಿಕ ಪ್ರಕರಣ. ಟೆಸ್ಸ ಹಾಲ್ಡನ್, ಇಪ್ಪತ್ತು ವರ್ಷ, ಅಂಗಡಿಯಿಂದ ಸುಗಂಧದ ಬಾಟಲಿ ಕದ್ದು, ತಡೆಯಲು ಬಂದ ಕಾವಲುಗಾರನನ್ನು ತಳ್ಳಿ ಬೀಳಿಸಿದವಳು. ತಪ್ಪು ಒಪ್ಪಿಕೊಂಡಿದ್ದಾಳೆ. ಅಭ್ಯರ್ಥಿ ಹತ್ತು ನಿಮಿಷ ಕಾಗದ ಓದಿ, ಎದ್ದು ನಿಂತು, ಶಿಕ್ಷೆ ಕಡಿಮೆ ಮಾಡಿರೆಂದು ಬೇಡಬೇಕು.

ಮೊದಲ ಪುಟದಲ್ಲಿ ಇಪ್ಪತ್ತು ವರ್ಷ ಎಂದಿದೆ. ಮೂರನೆಯ ಪುಟದ ಆರೋಪಪಟ್ಟಿಯಲ್ಲಿ ಹುಟ್ಟಿದ ತಾರೀಖು ಇದೆ. ಅದರ ಪ್ರಕಾರ ವಿಚಾರಣೆಯ ದಿನ ಟೆಸ್ಸಳಿಗೆ ಹದಿನೇಳು ವರ್ಷ ಹತ್ತು ತಿಂಗಳು. ನಾನು ಹೆಚ್ಚಾಗಿ ಅನುವಾದಿತ ಕಾದಂಬರಿಗಳನ್ನು ಓದುವವನು. ಇಂಥ ಎಡವಟ್ಟು ಕಂಡಾಗ ಮೂಲ ಲೇಖಕನದೋ ಅನುವಾದಕನದೋ ಎಂದು ಗೊಣಗಿ ಪುಟ ತಿರುಗಿಸುತ್ತೇನೆ. ಮಾರ್ನಿಗೆ ಆ ಸೌಕರ್ಯವಿರಲಿಲ್ಲ. ಹದಿನೆಂಟು ತುಂಬದವಳು ಒಬ್ಬಳೇ ಆರೋಪಿಯಾಗಿದ್ದರೆ ಅವಳು ಹೋಗಬೇಕಾದದ್ದು ಬಾಲಾಪರಾಧಿಗಳ ಕೋರ್ಟಿಗೆ. ನಿಮ್ಮ ಸಂದರ್ಶನದಲ್ಲಿ ನಡೆದ ಮಾತನ್ನು ಮರುದಿನ ಪಟ್ಟಿ ಅಂಟಿಸುತ್ತಾ ಮಾರ್ನಿ ನನಗೆ ಹೇಳಿದ್ದು ಹೀಗೆ.

"ಮಿಸ್ ಓಲ್ಡ್‌ರಾಯ್ಡ್, ಇದು ಬರೀ ಅಭ್ಯಾಸಕ್ಕೆ ಅಂತ ಮಾಡಿರೋ ಕೇಸು. ಶಿಕ್ಷೆ ಕಡಿಮೆ ಮಾಡಿ ಅಂತ ಕೇಳ್ಕೊಳಿ, ಸಾಕು," ಎಂದಿರಿ ನೀವು.

"ಸರ್, ಇವಳಿಗೆ ಶಿಕ್ಷೆ ಕೊಡೋ ಅಧಿಕಾರವೇ ಈ ಕೋರ್ಟಿಗಿಲ್ಲ. ಇಲ್ಲದೇ ಇರೋ ಶಿಕ್ಷೇನ ಎಷ್ಟು ಕಡಿಮೆ ಮಾಡಿ ಅಂತ ಕೇಳ್ಲಿ?"

"ಅಯ್ಯೋ, ಆ ಹುಡುಗಿ ನಿಜವಾಗಿ ಇಲ್ವಲ್ಲಮ್ಮ!" ಎಂದು ನಿಮ್ಮ ಎಡಗಡೆ ಕೂತಿದ್ದ ಮಹಿಳೆ ನಕ್ಕರಂತೆ.

"ಛತ್ರಿ ನಿಷೇಧವೂ ನಿಜವಾಗಿ ಇಲ್ಲ, ಮೇಡಂ. ಆದ್ರೂ ಮೂರು ನಿಮಿಷ ಮಾತಾಡಿದ್ನಲ್ಲ."

ಉಳಿದ ಸಮಯವನ್ನೆಲ್ಲ ಅವಳು ಟೆಸ್ಸಳನ್ನು ಸರಿಯಾದ ಕೋರ್ಟಿಗೆ ಕಳುಹಿಸಿಕೊಡಿ ಎಂದು ವಾದಿಸಲು ಬಳಸಿದಳು. ಹತ್ತಕ್ಕೆ ಒಂದು. ಷರಾ: 'ಕೊಟ್ಟ ಕೆಲಸದಲ್ಲಿ ತೊಡಗಿಕೊಳ್ಳಲಿಲ್ಲ.'

ಕೊಟ್ಟ ಕೆಲಸವೆಂದರೇನು, ಮಾನ್ಯರೇ? ಮೂರು ವರ್ಷದ ಹಿಂದೆ ನಮ್ಮ ಕೋರ್ಟಿನ ಮೊಗಸಾಲೆಯಲ್ಲಿ ಒಬ್ಬ ಹುಡುಗಿ ಕೂತಿದ್ದಳು. ಕಾಗದದ ಪ್ರಕಾರ ಹತ್ತೊಂಬತ್ತು ವರ್ಷ. ಪೊಲೀಸರು ಅವಳು ಹೇಳಿದ್ದನ್ನೇ ಬರೆದುಕೊಂಡಿದ್ದರು. ಅವಳ ಪರ ನಿಲ್ಲಲು ಬಂದಿದ್ದ ತರಬೇತಿಯ ಬ್ಯಾರಿಸ್ಟರ್ ಕೂಡ ಅದನ್ನೇ ಓದಿಕೊಂಡಿದ್ದ. ಮಾರ್ನಿ ಪಕ್ಕದಲ್ಲಿ ಕೂತಳು.

"ಹುಟ್ಟಿದ ತಾರೀಖು ಹೇಳು, ಪುಟ್ಟಿ."

"ಬರ್ದಿದೆಯಲ್ಲ ಅದ್ರಲ್ಲೇ. ಓದಕ್ಕೆ ಬರಲ್ವಾ?"

"ನಂಗೆ ಬರುತ್ತೆ. ಹೋಗ್ಲಿ ಬಿಡು. ಹದಿನೆಂಟು ತುಂಬಿದಾಗ ಏನು ಮಾಡ್ದೆ? ಜೋರಾಗಿ ಪಾರ್ಟಿ ಇತ್ತಾ?"

"ಇಲ್ಲ, ಅದಿನ್ನೂ..." ಹುಡುಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅಮ್ಮಂಗೆ ಮಾತ್ರ ಫೋನ್ ಮಾಡ್ಬೇಡಿ," ಎಂದಳು.

ಹದಿನಾರು ವರ್ಷ. ಆ ದಿನ ಅವಳು ವಯಸ್ಕರ ಜೈಲಿಗೆ ಹೋಗುವ ವ್ಯಾನು ಹತ್ತಬೇಕಿತ್ತು. ಹತ್ತಲಿಲ್ಲ. ಅಮ್ಮ ಬಂದರು, ಬಂದು ಮೊದಲು ಬೈದರು, ಆಮೇಲೆ ಅಪ್ಪಿಕೊಂಡರು. ಆ ತರಬೇತಿಯ ಬ್ಯಾರಿಸ್ಟರ್ ನಿಮ್ಮ ಛೇಂಬರ್ಸ್‌ನವನೇ. ಟೆಸ್ಸಳ ಕಾಗದದಲ್ಲಿ ಅವನಿಗೆ ಹತ್ತಕ್ಕೆ ಒಂಬತ್ತು ಬಂದಿತ್ತೆಂದು ಅವನೇ ಮಾರ್ನಿಗೆ ಹೇಳಿದ್ದಾನೆ. ನನಗೆ ಆಶ್ಚರ್ಯವಾಗಲಿಲ್ಲ. ನೀವು ಕಲಿಸಿದ್ದನ್ನೇ ಅವನು ಮಾಡಿದ್ದ: ಕಾಗದದಲ್ಲಿದ್ದುದನ್ನು ನಂಬಿ, ಇಂಪಾಗಿ ಬೇಡುವುದು.

ಮಾರ್ನಿ ನಿಮಗೆ ಆಕ್ಷೇಪಣೆ ಬರೆದಳು. ನಿಮ್ಮ ಕಾರ್ಯದರ್ಶಿಯ ಉತ್ತರ ನನ್ನೆದುರಿಗಿದೆ. ಒಂಬತ್ತು ವರ್ಷಗಳಿಂದ ಇದೇ ಪ್ರಕರಣ ಬಳಕೆಯಲ್ಲಿದ್ದು, ಪ್ರತಿ ವರ್ಷ ಇಸವಿಗಳನ್ನಷ್ಟೇ ಮುಂದಕ್ಕೆ ಹಾಕಲಾಗುತ್ತದಂತೆ. ಈವರೆಗೆ ಯಾರೂ ಆಕ್ಷೇಪಿಸಿರಲಿಲ್ಲವಂತೆ. ಅಂದರೆ ಒಂಬತ್ತು ವರ್ಷಗಳಿಂದ ಟೆಸ್ಸಳಿಗೆ ಹುಟ್ಟುಹಬ್ಬ ಬಂದಿಲ್ಲ. ವರ್ಷಕ್ಕೆ ನಲವತ್ತು ಅಭ್ಯರ್ಥಿಗಳು ಎದ್ದು ನಿಂತು, ಅವಳ ಕಷ್ಟದ ಬಾಲ್ಯಕ್ಕಾಗಿ ಗದ್ಗದಿತರಾಗಿ, ಅವಳನ್ನು ತಪ್ಪು ಕೋರ್ಟಿನ ಕೈಗೊಪ್ಪಿಸಿದ್ದಾರೆ. ಎದುರಿಗೆ ಕೂತ ಮೂವರು ಅನುಭವಿಗಳು ತಲೆದೂಗಿ ಅಂಕ ಹಾಕಿದ್ದಾರೆ. ಹೀಗೆ ಆಯ್ಕೆಯಾದವರು ಈಗ ಹದಿನೆಂಟು ಮಂದಿ. ಕುದುರೆಗೂದಲಿನ ವಿಗ್ಗು ಚೀಲದಲ್ಲಿಟ್ಟುಕೊಂಡು ಊರೂರಿನ ಕೋರ್ಟುಗಳಿಗೆ ಹೋಗುತ್ತಿದ್ದಾರೆ. ಅವರ ಕಕ್ಷಿದಾರರು ಮಾತ್ರ ಕಾಲ್ಪನಿಕರಲ್ಲ.

ಉತ್ತರದ ಕೊನೆಯ ಸಾಲು ಹೀಗಿದೆ: 'ದೋಷವನ್ನು ಸರಿಪಡಿಸಲಾಗಿದೆ. ತಮ್ಮ ಅಂಕಗಳಲ್ಲಿ ಬದಲಾವಣೆ ಇರುವುದಿಲ್ಲ.' ಸರಿಪಡಿಸಿದ್ದು ಟೆಸ್ಸಳ ಹುಟ್ಟಿದ ತಾರೀಖನ್ನು. ಅವಳಿಗೀಗ ನಿಜಕ್ಕೂ ಇಪ್ಪತ್ತು. ಇಲ್ಲದ ಹುಡುಗಿಗೆ ಒಂದೇ ವಾರದಲ್ಲಿ ನ್ಯಾಯ ಸಿಕ್ಕಿತು.

"ಬರೀಬೇಡ, ಡೆನ್ನಿಸ್," ಎಂದು ಮಾರ್ನಿ ನನ್ನನ್ನು ತಡೆದಳು. "ತಕರಾರಿನ ಹೆಂಗಸು ಅನ್ನೋ ಹೆಸರು ಬಂದ್ರೆ ಮುಗೀತು."

"ಇನ್ನೇನು ಉಳಿದಿದೆ ಮುಗಿಯೋಕೆ?" ಎಂದೆ. ಅವಳು ಸುಮ್ಮನಾದಳು. ಅದನ್ನೇ ಒಪ್ಪಿಗೆಯೆಂದು ತಿಳಿದಿದ್ದೇನೆ. ಬ್ಯಾರಿಸ್ಟರಾಗಿದ್ದರೆ ಕಕ್ಷಿದಾರರ ಮೌನವನ್ನು ಹಾಗೆ ತಿಳಿಯಲು ನನಗೆ ಅವಕಾಶವಿರುತ್ತಿರಲಿಲ್ಲ.

ನಾನು ಕೇಳುವುದು ದಯೆಯಲ್ಲ. ಸೆಪ್ಟೆಂಬರ್ ಮೂವತ್ತಕ್ಕೆ ಮೊದಲು ಅವಳನ್ನು ಮತ್ತೆ ಕರೆಯಿರಿ. ಅದೇ ಕೋಣೆ, ಅದೇ ಮೂವರು, ಹೊಸದೊಂದು ಪ್ರಕರಣ, ಅದೇ ಹತ್ತು ನಿಮಿಷ. ಒಂದೇ ಷರತ್ತು: ಈ ಸಲ ಕಾಗದವನ್ನು ನೀವೂ ಓದಿಕೊಂಡು ಬನ್ನಿ.

ಇಂತಿ,
ಹೆಸರು ಕೂಗುವುದಕ್ಕಷ್ಟೇ ಅರ್ಹನೆಂದು ಪರಿಗಣಿತನಾದ,
ಡೆನ್ನಿಸ್ ಅಕ್ರಾಯ್ಡ್
ಅಷರ್, ಎರಡನೆಯ ಕೋರ್ಟು