ಮೂರೂವರೆ ಕೆಜಿಯ ಆಟದ ಬಂದೂಕು

ಮಾರ್ಚ್ 6, 2016. ಭಾನುವಾರ, ಸಂಜೆ

ಇವತ್ತು ಆಡುವವರು ಮೂರು ಬ್ಯಾಚು. ಗಾಗಲ್ ಒರೆಸಿ ಒರೆಸಿ ಬೆರಳು ಸುಕ್ಕಾಗಿವೆ. ಕಡೆಯವರು ಎಂಜಿನಿಯರಿಂಗ್ ಹುಡುಗರು. ಏರ್‌ಸಾಫ್ಟ್ ಬಂದೂಕಿನಾಟ ಅಂದರೆ ಮಿಲಿಟರಿ ಥರ ಇರಬೇಕು, ಇದೇನು ಮಕ್ಕಳ ಆಟಿಕೆ ಅಂತ ಗೊಣಗಿದರು. ಮಾಲಕರು ಶರಫೋದ್ದೀನ ಸಾಹೇಬರ ಮುಖ ಇಳಿಯಿತು. ದಮ್ಮಾಮ್‌ನಲ್ಲಿ ದುಡಿದು ಬಂದು, ಭಾಲ್ಕಿ ರಸ್ತೆಯ ಬರಡು ಹೊಲದಲ್ಲಿ ಡ್ರಮ್ಮು, ಮುರುಕು ಗೋಡೆ, ಮರಳು ಚೀಲ ಇಟ್ಟು ಆಸೆಯಿಂದ ಕಟ್ಟಿದ ಮೈದಾನ. ಬಂದೂಕು ಹೊಡೆಯುವುದು ಪ್ಲಾಸ್ಟಿಕ್ ಛರ್ರಾ, ಕಾಳಿನಷ್ಟು ಸಣ್ಣ ಗುಂಡು. ಮೈಗೆ ತಾಗಿದರೆ ಚುರುಕ್ ಅನ್ನುತ್ತದೆ, ಅಷ್ಟೇ.

"ಮೀರಾಬಾಯಿ, ಮಾಲು ಖರೇ ಅನಸ್ಬೇಕ್ರಿ. ಭಾರ ಇಲ್ಲಂದ್ರ ಮಜಾ ಇಲ್ಲ" ಅಂದರು ಸಾಹೇಬರು.

ನನ್ನನ್ನು ಕರೆದದ್ದು ವೆಸ್ಟ್ ಹೊಲಿಯಲು. ಈಗ ಸಾಮಾನಿನ ಕೋಣೆಯೇ ನನ್ನದು. ಒಳ್ಳೆಯದೇ ಆಯಿತು. ಬಾಡಿಗೆ ರೂಮಿನಲ್ಲಿ ಕೂತರೆ ಕೈಕಾಲು ಚಡಪಡಿಸುತ್ತವೆ. ಮೈಲೂರಿನ ನಮ್ಮ ಓಣಿಯಲ್ಲಿ ಅರ್ಧ ಮನೆಗಳಿಗೆ ಬೀಗ — ನೀರಿಲ್ಲದೆ ಪುಣೆ, ಹೈದರಾಬಾದ್ ಸೇರಿದ್ದಾರೆ.

ಮಾರ್ಚ್ 8

ಬಂದೂಕಿನ ಹಿಂಬದಿ ಬಿಚ್ಚಿದರೆ ಒಳಗೆಲ್ಲ ಟೊಳ್ಳು. ಒಂದೊಂದರಲ್ಲೂ ಸೀಸದ ತುಂಡು ಇಟ್ಟು ಸುತ್ತ ಚಿಂದಿ ತುರುಕಿದೆ, ಅಲುಗಾಡಿ ಸದ್ದು ಮಾಡಬಾರದಲ್ಲ. ಒಂದನ್ನು ಬಾಬುಮಿಯಾನ ಮಟನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಮೂರೂವರೆ ಕೆಜಿ. ನಿಜವಾದದ್ದೂ ಸುಮಾರು ಇಷ್ಟೇ ಅಂತೆ. ತುದಿಗೆ ಕಿತ್ತಳೆ ಬಣ್ಣ ಇತ್ತು, ಆಟದ್ದು ಅಂತ ಗೊತ್ತಾಗಲಿ ಅಂತ ಕಂಪನಿಯವರೇ ಹಚ್ಚಿದ್ದು. ಎಲ್ಲದರ ಮೇಲೂ ಕರಿ ಪೇಂಟು ಹೊಡೆದೆ.

ಹೆಗಲಿಗೆ ಹಾಕಿಕೊಂಡು ಮೈದಾನ ಒಂದು ಸುತ್ತು ಬಂದೆ. ನಡಿಗೆಯೇ ಬೇರೆಯಾಗುತ್ತದೆ. ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಇಳಿಸಲು ಮನಸ್ಸಾಗಲಿಲ್ಲ.

ಮಾರ್ಚ್ 11

ದತ್ತಾತ್ರಿ ತಲೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ. ಗಂಡನ ಹೆಸರು ಬಾಯಲ್ಲಿ ಹೇಳುವುದಿಲ್ಲ, ಇಲ್ಲಿ ಬರೆದರೆ ಯಾರು ಕೇಳುತ್ತಾರೆ. ಕಾಂಟ್ರ್ಯಾಕ್ಟರನ ನೀರಿನ ಟ್ಯಾಂಕರ್ ಓಡಿಸುತ್ತಾನೆ. ಒಂದು ದಿನ ಭಾಲ್ಕಿ ಕಡೆ, ಒಂದು ದಿನ ಔರಾದ ಕಡೆ. ಇವತ್ತು ಔರಾದ ರಸ್ತೆಯಲ್ಲಿ ದಾರಿಯ ಹಳ್ಳಿಯವರು ಅಡ್ಡಗಟ್ಟಿದರಂತೆ. ನಮ್ಮೂರಲ್ಲಿ ಯಾಕೆ ನಿಲ್ಲಿಸುವುದಿಲ್ಲ ಅಂತ. ಇವನು ನಿಲ್ಲಿಸಲಿಲ್ಲ. ಕಲ್ಲು ಗ್ಲಾಸು ಒಡೆದು ಹಣೆಗೆ ಬಿತ್ತು.

"ನಾಳಿಗಿ ಹೋಗಬ್ಯಾಡ್ರಿ" ಅಂದೆ.

"ಹೋಗ್ಲಿಲ್ಲಂದ್ರ ಬ್ಯಾರೆಯವರಿಗೆ ಚಾವಿ ಕೊಡ್ತಾರ."

ಮಾರ್ಚ್ 13, ಭಾನುವಾರ

ನನ್ನನ್ನು ಕರೆದೊಯ್ಯಲು ದತ್ತಾತ್ರಿ ಮೈದಾನಕ್ಕೆ ಬಂದ. ಗೋಡೆಗೆ ಆನಿಸಿಟ್ಟ ಬಂದೂಕು ಎತ್ತಿದ. ಎತ್ತಿದವನ ಮುಖ ನೋಡಿದೆ — ಎಷ್ಟೋ ದಿನಕ್ಕೆ ಮುಖದ ಗಂಟು ಬಿಚ್ಚಿತ್ತು.

"ಇದು ಆಟದ್ದಾ?"

"ಆಟದ್ದೇ ರಿ. ಸೀಸ ತುಂಬೀನಿ."

"ಖರೇ ಅನಸ್ತದ."

ಮನೆ ಮುಟ್ಟುವವರೆಗೂ ಅದೇ ಮಾತು. ಹೊಡೆಯುವುದಿಲ್ಲ, ಬರೀ ಗಾಡಿಯಲ್ಲಿ ಪಕ್ಕಕ್ಕೆ ಇಟ್ಟುಕೊಳ್ಳುತ್ತೇನೆ, ನೋಡಿದರೆ ಸಾಕು ದೂರ ನಿಲ್ಲುತ್ತಾರೆ. ಬೇಡ ಅಂದೆ.

ಮಾರ್ಚ್ 16

ಮೂರು ದಿನ ಬೇಡ ಅಂದೆ. ಇವತ್ತು ಅವನ ಪಟ್ಟಿ ಬಿಚ್ಚಿ ಗಾಯ ತೊಳೆದೆ. ಕಣ್ಣಿಗೂ ಗಾಯಕ್ಕೂ ಎರಡು ಬೆರಳಿನ ಅಂತರ.

ನಾನೇ ಸಾಹೇಬರನ್ನು ಕೇಳಿದೆ. "ಹಳೇದೊಂದು ಅದ, ಒಯ್ರಿ. ಬಿಚಾರಾ, ಜೀವಾ ಉಳೀಲಿ" ಅಂದರು. ದುಪ್ಪಟ್ಟಿಯಲ್ಲಿ ಸುತ್ತಿ ತಂದುಕೊಟ್ಟೆ.

ಮಾರ್ಚ್ 25

ಯಾರೂ ಅಡ್ಡ ಬರುತ್ತಿಲ್ಲವಂತೆ. ಊರೂರಲ್ಲಿ ಜನ ಸಾಲಾಗಿ ನಿಲ್ಲುತ್ತಾರಂತೆ. ಹೊಟ್ಟೆ ತುಂಬ ಉಣ್ಣುತ್ತಾನೆ. ಗಾಯ ಒಣಗಿದೆ. ನನಗೆ ಸಮಾಧಾನ ಆಗಬೇಕಿತ್ತು. ಪಾತ್ರೆ ತೊಳೆದವಳು ಮತ್ತೆ ತೊಳೆದೆ. ಒಂದು ಕಡೆ ಕೂರಲು ಆಗುತ್ತಿಲ್ಲ.

ಏಪ್ರಿಲ್ 3

ಮನೆ ಮಾಲಕಿ ಖುರ್ಷಿದ ಬೇಗಂ ಬಾಡಿಗೆ ವಿಷಯ ಮಾತಾಡಲು ಬಂದವರು ಬಾಗಿಲಲ್ಲೇ ಹಿಂದೆ ಸರಿದರು. ಮಂಚದ ಮೇಲೆ ಬಂದೂಕು. ದತ್ತಾತ್ರಿ ಸಣ್ಣಗೆ ನಕ್ಕ.

"ಆಟದ್ದು ಅದ ಆಪಾ, ಹೆದರಬ್ಯಾಡ್ರಿ" ಅಂತ ನಾನೇ ಹೇಳಿದೆ. ಅವರು ಹೋದ ಮೇಲೆ ಕೇಳಿದ — "ಯಾಕ ಹೇಳಿದಿ?"

"ಯಾಕ ಹೇಳಬಾರ್ದು?"

"ಒಬ್ಬರಿಗಿ ಹೇಳಿದ್ರ ಊರಿಗೆಲ್ಲ ಹೇಳ್ದಂಗ."

ಆ ನಗು ನನಗೆ ಗುರುತಿನದಲ್ಲ. ಎರಡು ವಾರದ ಹಿಂದೆ ಅದು ಇರಲಿಲ್ಲ.

ಏಪ್ರಿಲ್ 12. ಮಂಗಳವಾರ

ಬರೆಯಬೇಕೋ ಬೇಡವೋ… ಬರೆಯುತ್ತೇನೆ.

ನಿನ್ನೆ ಅವ್ವನನ್ನು ನೋಡಲು ಖಟಕ ಚಿಂಚೋಳಿಗೆ ಹೋಗಿದ್ದೆ. ಬಿಸಿಲು ತಲೆ ಸೀಳುತ್ತಿತ್ತು. ಅವ್ವ ಮನೆಯಲ್ಲಿಲ್ಲ, ಟ್ಯಾಂಕರ್ ಬಂದಿದೆ ಅಂದರು ಪಕ್ಕದ ಮನೆಯವರು. ಹೋದೆ. ಹೆಂಗಸರ ಉದ್ದ ಸಾಲು. ಒಂದು ಮಾತಿಲ್ಲ. ನೀರಿನ ಹತ್ತಿರ ಅಷ್ಟು ಮೌನ ನಾನು ಕಂಡಿದ್ದೇ ಇಲ್ಲ.

ದತ್ತಾತ್ರಿ ಟ್ಯಾಂಕರ್ ಮೇಲೆ ಕೂತಿದ್ದ. ತೊಡೆಯ ಮೇಲೆ ಬಂದೂಕು. ಕರಿ ಕನ್ನಡಕ. ನನ್ನನ್ನು ನೋಡಲಿಲ್ಲ. ನಾನು ಸಾಲಿನ ಕೊನೆಯಲ್ಲಿ ನಿಂತೆ.

ಮುಂದೆ ಇಬ್ಬರ ನಡುವೆ ಕೊಡ ಇಡುವ ಜಗಳ ಶುರುವಾಯಿತು. ಅವನು ಎದ್ದು ನಿಂತ. ಬಂದೂಕು ಎತ್ತಿ ಅವರ ಕಡೆ ಹಿಡಿದ. ಜಗಳ ನಿಂತಿತು. ಅವರ ಹಿಂದೆಯೇ ಇದ್ದ ಮುದುಕಿ ತುಂಬಿದ ಕೊಡ ಕೈಬಿಟ್ಟು ಎರಡೂ ಕೈ ಮೇಲೆತ್ತಿದಳು. ನೀರು ಮಣ್ಣಿಗೆ ಹೋಯಿತು.

ನನ್ನ ಅವ್ವ. ಭೀಮಬಾಯಿ. ಅಳಿಯನ ಮುಂದೆ ಕೈ ಎತ್ತಿ ನಿಂತಿದ್ದಳು.

ಅದರೊಳಗೆ ಏನಿದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚಿಂದಿ ನನ್ನದೇ, ಹಳೆ ಲಂಗದ್ದು. ಆದರೂ ಹೆದರಿದೆ. "ರೀ" ಅಂದೆ. ತಿರುಗಿದ. ಅವನ ಜೊತೆ ಅದೂ ತಿರುಗಿತು. ಒಂದು ಕ್ಷಣ ಅದರ ಬಾಯಿ ನನ್ನ ಎದೆಗೆ.

"ಅದು ಆಟದ ಸಾಮಾನ ಅದ" ಅಂದೆ, ಎಲ್ಲರಿಗೂ ಕೇಳುವ ಹಾಗೆ.

"ಮೀರಾ, ಸುಮ್ನ ಮನಿಗಿ ನಡಿ."

ಟ್ಯಾಂಕರಿನ ಏಣಿ ಹತ್ತಿದೆ. ಕಸಿದುಕೊಂಡೆ. ಅವನು ತಡೆಯಲಿಲ್ಲ, ತಡೆದರೆ ಬೀಳುತ್ತೇನೆ ಅಂತ ಇರಬೇಕು. ಟ್ಯಾಂಕರ್ ಮೈಗೆ ಹಿಡಿದು ಬಂದೂಕಿನ ಕುದುರೆ ಒತ್ತಿದೆ. ಟಿಕ್ ಟಿಕ್ ಟಿಕ್. ಬಿಳಿ ಛರ್ರಾ ಚಿಮ್ಮಿ ನೆಲದ ತುಂಬ ಉರುಳಿದವು. ಯಾರೋ ಒಬ್ಬಳು ಕಿಸಕ್ಕೆಂದಳು. ಆಮೇಲೆ ಎಲ್ಲರೂ ನಕ್ಕರು. ಬಹಳ ಹೊತ್ತು ನಕ್ಕರು. ಅವನು ಕನ್ನಡಕ ತೆಗೆಯಲಿಲ್ಲ.

ಅವ್ವ ನಗಲಿಲ್ಲ. ಕೊಡ ಎತ್ತಿಕೊಂಡು ಮತ್ತೆ ಸಾಲಿನ ಹಿಂದೆ ಹೋಗಿ ನಿಂತಳು. ಮುಂದೆ ಬಾ ಅಂತ ಯಾರೋ ಕರೆದರು. ಬರಲಿಲ್ಲ. ಹತ್ತಿರ ಹೋದೆ.

"ಅಂವಾ ಹೆದರ್ಯಾನ ಮೀರಾ" ಅಂದಳು. "ನಾ ಕೈ ಎತ್ತಿದೆ, ಅಂವಾ ಇನ್ನಾ ಬಂದೂಕ ಇಳಸಿದ್ದಿಲ್ಲ."

ಅದೇ ದಿನ, ಸಂಜೆ

ಬೆಳಿಗ್ಗೆ ಬಂದೂಕು ಇಲ್ಲದೆ ಹೋಗಿದ್ದಾನೆ. ಔರಾದ ಕಡೆ ಪಾಳಿ. ಚಹಾ ಮುಟ್ಟಲಿಲ್ಲ. ಫೋನ್ ಹತ್ತುತ್ತಿಲ್ಲ. ಬಾಗಿಲಿಗೂ ಒಲೆಗೂ ಓಡಾಡಿ ಕಾಲು ಸೋತವು. ಅವನಿಗೇನಾದರೂ ಆದರೆ — ಟ್ಯಾಂಕರ್ ಹತ್ತಿದ್ದು ನಾನು. ಊರವರು ನಗುವಾಗ ನನಗೆ ಒಂದು ಗಳಿಗೆ ಹೆಮ್ಮೆ ಆಗಿದ್ದೂ ನಿಜ.

ಬಂದ. ಗಾಯ ಇಲ್ಲ. ಅಂಗಿ ಪೂರಾ ಒದ್ದೆ.

"ಅಡ್ಡಗಟ್ಟಿದ್ರು ಏನ್ರಿ?"

"ಹೂಂ."

"ಹೊಡದ್ರು?"

"ಇಲ್ಲ. ನಾನೇ ಗಾಡಿ ನಿಲ್ಲಿಸಿ ವಾಲ್ ತಿರುವಿದೆ. ಅರ್ಧಾ ಅವರಿಗಿ. ಉಳದದ್ದು ಪಾಳಿ ಇದ್ದ ಚಿಂತಾಕಿಗಿ. ಚಿಂತಾಕಿಯವ್ರು ಬೈದ್ರು. ಬೈಯಲಿ."

ಅದಕ್ಕೆ ಕಾಂಟ್ರ್ಯಾಕ್ಟರ್ ಗಾಡಿಯ ಚಾವಿ ಇಸಿದುಕೊಂಡನಂತೆ. ಹೇಳಿ ಗೋಡೆ ಕಡೆ ತಿರುಗಿ ಮಲಗಿದ.

ಏಪ್ರಿಲ್ 17, ಭಾನುವಾರ

ಎಲ್ಲ ಬಂದೂಕಿನ ತುದಿಗೂ ಕಿತ್ತಳೆ ಬಣ್ಣ ಹಚ್ಚಿದೆ. ಸಾಹೇಬರು ನೋಡುತ್ತ ನಿಂತರು.

"ಗಿರಾಕಿ ನಗ್ತಾರ, ಮೀರಾಬಾಯಿ."

"ನಗಲ್ರಿ. ಕೈ ಎತ್ತಿ ನಿಲ್ಲೋದಕ್ಕಿಂತ ಪಾಡ ಅದ."

ಅವರಿಗೂ ಸುದ್ದಿ ಮುಟ್ಟಿತ್ತು. ಡಬ್ಬಿ ಹಿಡಿದು ತಾವೇ ಎರಡಕ್ಕೆ ಹಚ್ಚಿದರು. ಭಾರ ಮಾತ್ರ ತೆಗೆಯಬೇಡ ಅಂದರು. ತೆಗೆಯಲಿಲ್ಲ. ಆಟಕ್ಕೆ ಭಾರ ಇರಲಿ.

ಏಪ್ರಿಲ್ 20

ಪುಣೆಯಿಂದ ಗೋರಖನಾಥನ ಫೋನು. ದತ್ತಾತ್ರಿಯ ಗೆಳೆಯ, ಅಲ್ಲಿ ಟೆಂಪೋ ಓಡಿಸುತ್ತಾನೆ. ಇಬ್ಬರೂ ಬನ್ನಿ ಅಂದ. ಇವನು ನೋಡೋಣ ಅಂದು ಫೋನ್ ಇಟ್ಟ. ನನ್ನ ಜೊತೆ ಈಗಲೂ ಉಪ್ಪು ಕೊಡು, ನೀರು ಕೊಡು ಇಷ್ಟೇ ಮಾತು.

ಏಪ್ರಿಲ್ 23. ಬೆಳಿಗ್ಗೆ

ನಿನ್ನೆ ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಹೇಳಿದ —

"ಅವ್ವ ಅಂತ ನನಗ ಗೊತ್ತಾಗ್ಲಿಲ್ಲ ಮೀರಾ. ಮ್ಯಾಲ ಕುಂತ್ರ ಮುಖಾ ಕಾಣಸಂಗಿಲ್ಲ. ಕೊಡಾ ಅಷ್ಟ ಕಾಣಸ್ತಾವ."

ನಾನು ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನಾಡಿದ್ದು ಪುಣೆಗೆ ಹೊರಡುವುದು ಅಂತಾಯಿತು. ಅದಕ್ಕೂ ಮೊದಲು ಖಟಕ ಚಿಂಚೋಳಿಗೆ ಹೋಗಿ ಬರೋಣ ಅಂದವನು ಅವನೇ. ಅವ್ವಗ ಏನ್ ಹೇಳ್ತೀರಿ ಅಂತ ಕೇಳಿದೆ. ಗೊತ್ತಿಲ್ಲ ಅಂದ.

ಎದ್ದು ನೋಡಿದರೆ ಅಂಗಳದಲ್ಲಿ ಎರಡು ದೊಡ್ಡ ಕ್ಯಾನು. ಖುರ್ಷಿದ ಬೇಗಂ ಅವರ ಬೋರಿನಿಂದ ಅವ್ವನಿಗೆ ಅಂತ ನೀರು ತುಂಬಿಸಿಕೊಂಡಿದ್ದಾನೆ. ಬಸ್ಸಿನಲ್ಲಿ ಇದನ್ನೆಲ್ಲ ಹತ್ತಿಸಿಕೊಳ್ಳುತ್ತಾರೋ ಇಲ್ಲವೋ. ಭಾಲ್ಕಿಯಲ್ಲಿ ಬಸ್ಸು ಬದಲಿಸಬೇಕು, ಇಳಿದ ಮೇಲೂ ನಡೆಯುವುದಿದೆ. ಒಂದು ನನಗೆ ಕೊಡ್ರಿ ಅಂದರೆ ಕೊಡುತ್ತಿಲ್ಲ. ಎರಡನ್ನೂ ಎತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದಾನೆ, ಮುಚ್ಚಳದಿಂದ ಹನಿ ಹನಿ ಸೋರುತ್ತಿದೆ, ಬಾ ಮೀರಾ ಅಂತ ಕರೆಯುತ್ತಿದ್ದಾನೆ.